ಎರೆಯ ನಾಡಿನಲ್ಲಿ ಅಗ್ಘವಣಿಯ ಕಾಯಕ

ಶಿವಶರಣರ ನಾಮಾವಳಿಯನ್ನು ಓದುತ್ತ ಹೋಗುವವರಿಗೆ ಒಂದು ಸಂಗತಿಯು ಸಹಜವಾಗಿಯೇ ಲಕ್ಷ್ಯಕ್ಕೆ ಬರುವದು. ಅನೇಕರ ಹೆಸರಿನ ಮುಂದೆ ಅವರ ಊರಾಗಲಿ ವಂಶವಾಗಲಿ ಇಲ್ಲ. ಅವರು ಕೈಯಾರೆ ಮಾಡುತ್ತಿದ್ದ ಕಾಯಕವೇ ಅವರ ಬಿರುದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಮಾರಯ್ಯ ಮೊದಲಾದ ಹೆಸರುಗಳು ಭಕ್ತರೆಲ್ಲರ ನಾಲಗೆಯ ಮೇಲಿರುವವು. ಇದೇ ಪಂಕ್ತಿಯಲ್ಲಿ, ಆದರೆ ತುಸು ಮರೆಯಲ್ಲಿ, ಅಗ್ಘವಣಿ ಹೊನ್ನಯ್ಯನೆಂಬ ಶರಣನು ಕುಳಿತಿರುವನು. ಅಗ್ಘವಣಿಯೆಂದರೆ ಲಿಂಗದ ಮಜ್ಜನಕ್ಕೆಂದು ತರುವ ನೀರು. ಹೊನ್ನಯ್ಯನು ಹುಲಿಗೆರೆಯವನು, ಎಂದರೆ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದವನು. ಆ ಊರಿನ ಸೋಮನಾಥನ ಹೆಸರನ್ನೇ ತನ್ನ ವಚನಗಳ ಅಂಕಿತವಾಗಿರಿಸಿಕೊಂಡವನು. ಅಗ್ಘವಣಿ ಹಂಪಯ್ಯನೆಂಬ ಇನ್ನೊಬ್ಬ ವಚನಕಾರನೂ ಉಂಟು. ನೀರು ಹೊತ್ತು ತರುವ ಕೆಲಸವು ಮನುಷ್ಯನ ಹೆಸರಿಗೆ ಭೂಷಣವಾಗಿ ನಿಂತ ಉದಾಹರಣೆಗಳು ನಮ್ಮ ಇತಿಹಾಸದಲ್ಲಿ ಇವೆರಡರ ಹೊರತು ಹೆಚ್ಚೇನೂ ದೊರೆಯಲಾರವು.

ಕೆರೆಯನ್ನು ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿ ಉಳಿಯುವದು. ಬಾವಿಯನ್ನು ತೋಡಿಸಿದ ದಾನಿಯ ಹೆಸರನ್ನು ಊರಿನವರು ತಲೆಮಾರುಗಟ್ಟಲೆ ಹೇಳುವರು. ಆದರೆ ಬಾವಿಯ ದಂಡೆಯಿಂದ ಮನೆಯ ಬಚ್ಚಲದವರೆಗೆ, ಮಠದ ದಾಸೋಹದ ಒಲೆಯವರೆಗೆ, ಹೊಲದಲ್ಲಿ ದುಡಿಯುವವನ ಬಾಯಿಯವರೆಗೆ ಆ ನೀರು ಯಾರ ತಲೆಯ ಮೇಲೆ, ಯಾರ ಹೆಗಲಿನ ಮೇಲೆ, ಎಂಥ ಪಾತ್ರೆಯಲ್ಲಿ ಬಂದಿತೆಂಬದನ್ನು ಯಾರೂ ಬರೆದಿಟ್ಟಿಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಈ ನಡುವಣ ದಾರಿಯೇ ಜನರ ಜೀವಮಾನದ ಬಹುಭಾಗವನ್ನು ನುಂಗಿರುವದು. ಶ್ರೀಮಠದ ಮಹೋತ್ಸವದ ಈ ಗ್ರಂಥದಲ್ಲಿ ಅರಸರ ಮತ್ತು ದಾನಿಗಳ ಮಾತಿನ ಜೊತೆಗೆ ಆ ದಾರಿಯ ಮಾತೂ ನಾಲ್ಕು ಬರುವದು ಯುಕ್ತವೇ ಆಗಿದೆ.

ಮೊದಲು ನೆಲದ ಗುಣವನ್ನು ಅರಿಯಬೇಕು. ೧೯೯೭ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಗದಗ ಜಿಲ್ಲೆಯ ಉತ್ತರ ಭಾಗವೇ ಈ ಸೀಮೆ. ಗಜೇಂದ್ರಗಡವು ಇತ್ತೀಚಿನವರೆಗೆ ರೋಣ ತಾಲೂಕಿನೊಳಗೇ ಇದ್ದು ಈಗ ಬೇರೆ ತಾಲೂಕಾಗಿರುತ್ತದೆ. ವರ್ಷಕ್ಕೆ ಬೀಳುವ ಮಳೆಯು ಸುಮಾರು ೬೦೦ ಮಿಲಿಮೀಟರಿನ ಆಸುಪಾಸು, ಅದೂ ನಂಬಿಕೆಯದಲ್ಲ. ನರಗುಂದ ಮತ್ತು ರೋಣದ ಸುತ್ತಲಿನದು ಎರೆಯ ಭೂಮಿ. ಹತ್ತಿ, ಬಿಳಿಜೋಳ, ಗೋದಿ, ಕಡಲೆಗಳಿಗೆ ಇದಕ್ಕಿಂತ ಉತ್ತಮವಾದ ಮಣ್ಣು ಬೇರೆ ಇಲ್ಲ. ಕುಡಿಯುವ ನೀರಿಗೆ ಇದಕ್ಕಿಂತ ನಿರ್ದಯವಾದದ್ದೂ ಬೇರೆ ಇಲ್ಲ. ಎರೆಯು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವದು, ಬೇಸಗೆಯಲ್ಲಿ ಬಿರಿದು ಆಳು ಕಾಲಿಡುವಷ್ಟು ಬಾಯಿ ತೆರೆಯುವದು. ಇಂಥ ನೆಲದಲ್ಲಿ ತೋಡಿದ ಬಾವಿಯ ಗೋಡೆಯು ಕಲ್ಲು ಕಟ್ಟದ ಹೊರತು ನಿಲ್ಲದು. ನಿಂತರೂ ಬರುವ ನೀರು ಬಹಳ ಕಡೆಗೆ ಸವುಳು. ನಡುವೆ ಹರಿಯುವ ಬೆಣ್ಣಿಹಳ್ಳವು ಹೆಸರಿಗೆ ಮಾತ್ರ ಬೆಣ್ಣೆ; ಮಳೆಗಾಲದಲ್ಲಿ ಅದು ಹೊಲಗಳನ್ನು ಮುಳುಗಿಸುವದು, ಬೇಸಗೆಯಲ್ಲಿ ಅದರ ಮಡುಗಳ ನೀರು ಉಪ್ಪಾಗುವದು. ಸಿಹಿನೀರು ಬೇಕಾದರೆ ಉತ್ತರಕ್ಕೆ ಮಲಪ್ರಭೆಯ ದಂಡೆಗೆ ಹೋಗಬೇಕು. ಹೊಳೆಆಲೂರು, ಕೊಣ್ಣೂರುಗಳಂತಹ ಹೊಳೆಸಾಲಿನ ಊರುಗಳವರು ಈ ಮಟ್ಟಿಗೆ ಭಾಗ್ಯವಂತರು.

ಗಜೇಂದ್ರಗಡದ ಕಡೆಗೆ ಬಂದರೆ ನೆಲದ ಬಣ್ಣವೇ ಬದಲಾಗುವದು. ಅಲ್ಲಿಯದು ಕಲ್ಲಿನ ಗುಡ್ಡಗಳ ಸಾಲು. ಗುಡ್ಡದ ಮೇಲೆ ಬಿದ್ದ ಮಳೆಯ ನೀರು ಕಲ್ಲಿನ ಸಂದುಗಳಲ್ಲಿ ಇಳಿದು ಬುಡದಲ್ಲಿ ಒಸರುವದು. ಕಾಲಕಾಲೇಶ್ವರನ ಸನ್ನಿಧಿಯಲ್ಲಿ ಬೇಸಗೆಯಲ್ಲಿಯೂ ನಿಲ್ಲದೆ ಬರುವ ಅಂತರಗಂಗೆಯನ್ನು ಕಂಡ ಭಕ್ತರು ಅದನ್ನು ದೇವರ ಮಹಿಮೆಯೆಂದು ನಮಿಸುವರು. ಕಲ್ಲು ನೀರನ್ನು ಹಿಡಿದಿಟ್ಟು ಮೆಲ್ಲಗೆ ಬಿಡುವ ರೀತಿಯನ್ನು ತಿಳಿದ ಮೇಲೆ ಆ ನಮಸ್ಕಾರವು ಕಡಿಮೆಯಾಗಬೇಕಾದ ಕಾರಣವೇನೂ ಇಲ್ಲ.

ಇಂಥ ನಾಡಿನಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಮಾಡಿದ ಉಪಾಯವು ಸೂಡಿಯಲ್ಲಿ ಇಂದಿಗೂ ಕಣ್ಣಿಗೆ ಬೀಳುವದು. ಹನ್ನೊಂದನೆಯ ಶತಮಾನದಲ್ಲಿ ಸೂಡಿಯು ಕಿಸುಕಾಡು ೭೦ ಎಂಬ ಸೀಮೆಯ ಮುಖ್ಯ ಪಟ್ಟಣವಾಗಿದ್ದಿತು. ಎರಡನೆಯ ಜಯಸಿಂಹನ ಸಹೋದರಿಯಾದ ಅಕ್ಕಾದೇವಿಯು ಈ ಸೀಮೆಯನ್ನು ಆಳಿದಳು. ಕೋಟೆಗೆ ಮುತ್ತಿಗೆ ಹಾಕಿದ ವೀರನಾರಿಯೆಂದು ಇತಿಹಾಸವು ಆಕೆಯನ್ನು ನೆನೆಯುವದು. ಆ ಕಾಲದ ನಾಗಕುಂಡವೆಂಬ ಕಲ್ಲಿನ ಪುಷ್ಕರಿಣಿಯು, ಗೋಡೆಗಳಲ್ಲಿ ಚಿಕ್ಕ ಗುಡಿಗಳಂತಹ ಗೂಡುಗಳನ್ನು ಹೊತ್ತು, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವದು. ಗದಗದ ಬಳಿಯ ಲಕ್ಕುಂಡಿಯಲ್ಲಿ ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯೂ, ಕನ್ನೆಬಾವಿ, ಛಬ್ಬೀರಬಾವಿಗಳೂ ಇದೇ ವಂಶಕ್ಕೆ ಸೇರಿದವು.

ಈ ಬಾವಿಗಳ ಸೌಂದರ್ಯವನ್ನು ವರ್ಣಿಸಿದವರು ಬಹಳ. ಅವುಗಳ ಉಪಯೋಗವನ್ನು ಕುರಿತು ಯೋಚಿಸಿದವರು ಕಡಿಮೆ. ಮೆಟ್ಟಿಲಿನ ಬಾವಿಯೆಂದರೆ ಹಗ್ಗ, ರಾಟೆಗಳ ಹಂಗಿಲ್ಲದ ಬಾವಿ. ನೀರು ಮೇಲಿದ್ದಾಗ ಎರಡು ಮೆಟ್ಟಿಲು ಇಳಿದರೆ ಸಾಕು. ಬೇಸಗೆಯಲ್ಲಿ ನೀರು ತಗ್ಗಿದಂತೆ ಮನುಷ್ಯನೂ ಅದರ ಬೆನ್ನಟ್ಟಿ ಇಳಿಯಬಹುದು. ಎಳೆಯ ಹುಡುಗಿಯೂ ವೃದ್ಧೆಯೂ ಒಂದು ಕೊಡ ತುಂಬಿಕೊಂಡು ಬರಬಹುದು. ಆದರೆ ನೀರನ್ನು ಮೇಲೆತ್ತುವ ಶ್ರಮವು ಇದರಿಂದ ತಪ್ಪಲಿಲ್ಲ. ಅದು ತೋಳಿನಿಂದ ಮೊಣಕಾಲಿಗೆ ಬಂದಿತು, ಅಷ್ಟೇ. ನೀರು ಎಷ್ಟು ವಿರಳವೋ ಅಷ್ಟು ಹೆಚ್ಚು ಮೆಟ್ಟಿಲು. ಬರಗಾಲದ ವರ್ಷದಲ್ಲಿ ಹಸಿದ ಹೊಟ್ಟೆಯಿಂದ ಹತ್ತಬೇಕಾದ ಮೆಟ್ಟಿಲುಗಳೇ ಎಲ್ಲಕ್ಕಿಂತ ಅಧಿಕ. ೧೭೯೧-೯೨ರ ಡೋಗಿ ಬರದಲ್ಲಿ, ೧೮೭೬-೭೮ರ ದೊಡ್ಡ ಬರದಲ್ಲಿ, ಈ ಸೀಮೆಯವರು ಹತ್ತಿ ಇಳಿದ ಲೆಕ್ಕವನ್ನು ಯಾವ ಕಾಗದವೂ ಹೇಳದು.

ಸೇದುವ ಬಾವಿಗಳಿಗೆ ಬಂದರೆ ರಾಟೆಯ ಉಪಕಾರವು ದೊಡ್ಡದು. ಹೊಲಕ್ಕೆ ನೀರೆತ್ತಲು ಕಪಿಲೆಯು ಬಂದಿತು: ಜೋಡೆತ್ತು, ಮಿಣಿ, ತೊಗಲಿನ ಬಾನಿ. ಎತ್ತು ಇಳಿಜಾರಿನಲ್ಲಿ ಇಳಿದಂತೆ ಬಾನಿಯು ಮೇಲಕ್ಕೆ ಬರುವ ಈ ಯುಕ್ತಿಯು ನೂರಾರು ವರ್ಷ ಸಾಗಿತು. ಇಲ್ಲಿ ಒಂದು ವಿನೋದವನ್ನು ಹೇಳದೆ ಮುಂದಕ್ಕೆ ಹೋಗಲಾಗದು. ತೊಗಲಿನ ಪಖಾಲಿಯಲ್ಲಿ ಕೋಣದ ಬೆನ್ನಿನ ಮೇಲೆ ಬಂದ ನೀರು ಪೂಜೆಗೆ ಸಲ್ಲದೆಂದು ಮೂಗು ಮುರಿಯುತ್ತಿದ್ದ ಮಡಿವಂತರು, ತೊಗಲಿನ ಬಾನಿಯಿಂದ ಎತ್ತಿದ ನೀರಿನಲ್ಲಿ ಬೆಳೆದ ಕಬ್ಬಿನ ಬೆಲ್ಲವನ್ನು ನೈವೇದ್ಯಕ್ಕೆ ಸಂತೋಷದಿಂದ ಒಯ್ಯುತ್ತಿದ್ದರು. ಮಾದಾರ ಚೆನ್ನಯ್ಯನನ್ನು ತನ್ನ ಹಿರಿಯನೆಂದು ಕರೆದುಕೊಂಡ ಬಸವಣ್ಣನ ಮತದಲ್ಲಿ ಹುಟ್ಟಿದವರಿಗೂ ಈ ಭೇದವು ಅಂಟಿಕೊಂಡಿತ್ತೆಂಬದನ್ನು ಒಪ್ಪಲೇಬೇಕು.

ಭೇದದ ಮಾತು ಇಷ್ಟಕ್ಕೆ ಮುಗಿಯದು. ಬಾವಿಯ ದಂಡೆಯನ್ನು ಮುಟ್ಟುವ ಅಧಿಕಾರವೇ ಊರಿನ ಒಂದು ಭಾಗಕ್ಕೆ ಇರಲಿಲ್ಲ. ಅಸ್ಪೃಶ್ಯರೆನಿಸಿಕೊಂಡವರು ಖಾಲಿ ಕೊಡವನ್ನಿಟ್ಟುಕೊಂಡು ದೂರದಲ್ಲಿ ಕುಳಿತು, ಯಾರಾದರೂ ಕನಿಕರಪಟ್ಟು ಮೇಲಿನಿಂದ ಸುರಿಯುವವರೆಗೆ ಕಾಯಬೇಕಾಗಿತ್ತು. ನೀರು ತರುವ ದಾರಿಯ ಉದ್ದವನ್ನು ಮೈಲಿನಿಂದ ಅಳೆಯುವದು ಸುಲಭ. ಈ ಕಾಯುವಿಕೆಯ ಉದ್ದವನ್ನು ಯಾವ ಮಾಪದಿಂದ ಅಳೆಯಬೇಕು? ಧಾರವಾಡ ಸೀಮೆಯು ಆಗ ಮುಂಬಯಿ ಇಲಾಖೆಯಲ್ಲಿದ್ದಿತು. ೧೯೨೩ರಲ್ಲಿ ಮುಂಬಯಿಯ ಕಾಯದೆ ಕೌನ್ಸಿಲಿನಲ್ಲಿ ಬೋಲೆಯವರು ತಂದ ಠರಾವಿನಂತೆ, ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಕೆರೆ, ಧರ್ಮಶಾಲೆಗಳು ಎಲ್ಲರಿಗೂ ತೆರೆದವೆಂದು ಸಾರಲಾಯಿತು. ಠರಾವು ಕಾಗದದಲ್ಲಿಯೇ ಉಳಿದಾಗ ಡಾಕ್ಟರ ಅಂಬೇಡಕರರು ೧೯೨೭ನೆಯ ಮಾರ್ಚ ೨೦ರಂದು ಕೊಲಾಬಾ ಜಿಲ್ಲೆಯ ಮಹಾಡದ ಚವದಾರ ಕೆರೆಗೆ ಸಾವಿರಾರು ಜನರೊಡನೆ ನಡೆದುಹೋಗಿ ಬೊಗಸೆ ನೀರು ಕುಡಿದರು. ಆ ಒಂದು ಬೊಗಸೆಯ ವ್ಯಾಜ್ಯವು ನ್ಯಾಯಾಲಯಗಳಲ್ಲಿ ಹತ್ತು ವರ್ಷ ನಡೆದು ೧೯೩೭ರಲ್ಲಿ ಅವರ ಕಡೆಗೆ ತೀರಿತು. ೧೯೫೦ರ ಸಂವಿಧಾನದ ೧೫ನೆಯ ಕಲಮಿನಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರನ್ನು ಬಿಡಿಬಿಡಿಯಾಗಿ ಬರೆಯಬೇಕಾಗಿ ಬಂದುದನ್ನು ನೋಡಿದರೆ, ಈ ದೇಶದಲ್ಲಿ ನೀರಿನ ದಾರಿಯು ಎಲ್ಲಿ ಕಟ್ಟಿಹೋಗಿತ್ತೆಂಬದು ತಿಳಿಯುವದು. ಹುಲಿಗೆರೆಯ ಹೊನ್ನಯ್ಯನಿಂದ ಎಂಟು ನೂರು ವರ್ಷಗಳ ತರುವಾಯ ಇಂಥ ಕಲಮು ಬೇಕಾಯಿತು.

ಇನ್ನು ನೀರು ಹೊರುವ ಸಾಧನಗಳನ್ನು ನೋಡೋಣ. ಎಲ್ಲಕ್ಕೂ ಹಳೆಯದು ಮಣ್ಣಿನ ಕೊಡ ಮತ್ತು ತಲೆಯ ಮೇಲಿನ ಸಿಂಬಿ. ಹಳೆಯ ಸೀರೆಯ ತುಂಡನ್ನು ಸುತ್ತಿ ಮಾಡಿದ ಸಿಂಬಿಯಂತಹ ಅಲ್ಪವಸ್ತುವು ಲೋಕದಲ್ಲಿ ಮತ್ತೊಂದಿಲ್ಲವೆಂದು ತೋರಬಹುದು. ಆದರೆ ದುಂಡಾದ ತಳದ ಕೊಡವು ದುಂಡಾದ ತಲೆಯ ಮೇಲೆ ನಿಲ್ಲುವದು ಅದರಿಂದಲೇ. ಭಾರವು ಒಂದು ಬಿಂದುವಿನ ಮೇಲೆ ಬೀಳದೆ ಸುತ್ತಲೂ ಹರಡುವದು, ಬೆನ್ನೆಲುಬು ನೆಟ್ಟಗಾಗುವದು, ಕೈಗಳು ಕೂಸನ್ನೆತ್ತಿಕೊಳ್ಳಲು ಮುಕ್ತವಾಗುವವು. ತಲೆಯ ಮೇಲೊಂದು, ಬಗಲಲ್ಲೊಂದು ಕೊಡವನ್ನಿಟ್ಟುಕೊಂಡು ಬಿಸಿಲಿನ ಎರೆದಾರಿಯಲ್ಲಿ ಬರುವ ತಾಯಂದಿರ ನಡಿಗೆಯನ್ನು ಕವಿಗಳು ಹೊಗಳಿದ್ದಾರೆ. ಆ ತಾಯಂದಿರ ಕೊರಳಿನ ನೋವನ್ನು ಹೊಗಳಿಕೆಯು ಇಳಿಸಿದ್ದಿಲ್ಲ.

ಹೊಲಕ್ಕೆ ಹೋಗುವವರ ನೀರಿಗೆ ತತ್ರಾಣಿಯೂ ಸೋರೆಯ ಬುರುಡೆಯೂ ಇದ್ದವು. ತತ್ರಾಣಿಯ ಬಾಯಿ ಕಿರಿದು, ಹೊಟ್ಟೆ ಹಿರಿದು, ಆದುದರಿಂದ ಚೆಲ್ಲದು. ಮಣ್ಣಿನ ಮೈಯಿಂದ ಸೂಕ್ಷ್ಮವಾಗಿ ಬೆವರಿ ಆರುವ ನೀರು ಒಳಗಿನದನ್ನು ತಣ್ಣಗಿರಿಸುವದು. ಗಂಡಸರು ನೀರು ಹೊರುವ ಪ್ರಸಂಗ ಬಂದಾಗ ಕಾವಡಿಯನ್ನು ಹಿಡಿಯುವರು. ಹೆಗಲಿನ ಮೇಲಿನ ಬಿದಿರಿನ ಎರಡು ತುದಿಗಳಿಗೆ ಎರಡು ಕೊಡ. ನಡೆಯುವಾಗ ಬಿದಿರು ಮೇಲೆ ಕೆಳಗೆ ಬಳುಕುವದು, ನಡಿಗೆಯನ್ನು ಆ ಬಳುಕಿಗೆ ಹೊಂದಿಸಿಕೊಂಡವನಿಗೆ ಭಾರವು ಕಡಿಮೆಯಾದಂತೆ ತೋರುವದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪರದೇಶದಿಂದ ಚಿಮಣಿ ಎಣ್ಣೆಯನ್ನು ತುಂಬಿಕೊಂಡು ಬಂದ ತಗಡಿನ ಡಬ್ಬಿಗಳು, ಎಣ್ಣೆ ತೀರಿದ ಮೇಲೆ, ಅಡ್ಡಕ್ಕೊಂದು ಕಟ್ಟಿಗೆಯ ಹಿಡಿಕೆಯನ್ನು ಪಡೆದು ಇದೇ ಕಾವಡಿಗೆ ತೂಗಿದವು. ನಾಲ್ಕು ಗ್ಯಾಲನ್ನಿನ ಆ ಡಬ್ಬಿಯಲ್ಲಿ ೧೮ ಲೀಟರು ಹಿಡಿಯುವದು. ಯಾವ ಸರಕಾರವಾಗಲಿ ಸಂಸ್ಥೆಯಾಗಲಿ ಈ ಮಾರ್ಪಾಡನ್ನು ಬೋಧಿಸಲಿಲ್ಲ. ಬಡವರ ಕೈಗೆ ಒಂದು ವಸ್ತುವು ಸಿಕ್ಕಿತು, ಅದರ ಉಪಯೋಗವನ್ನು ಅವರೇ ಕಂಡುಕೊಂಡರು.

ಬಹಳ ನೀರು ಬೇಕಾದಾಗ ಚಕ್ಕಡಿಯೇ ಗತಿ. ಮದುವೆ, ಮನೆಕಟ್ಟಾಣ, ಜಾತ್ರೆಗಳಿಗೆ ಹರವಿಗಳನ್ನೂ ಹಂಡೆಗಳನ್ನೂ ಹುಲ್ಲಿನ ಮೇಲೆ ಕುಳ್ಳಿರಿಸಿ ಚಕ್ಕಡಿಯಲ್ಲಿ ತರುವದು ರೂಢಿ. ಮುಂದೆ ಆ ಸ್ಥಾನಕ್ಕೆ ಕಟ್ಟಿಗೆಯ ಪೀಪಾಯಿಗಳೂ ಕಬ್ಬಿಣದ ಬ್ಯಾರಲುಗಳೂ ಬಂದವು. ಮಠಗಳ ಜಾತ್ರೆಯ ಕಾಲಕ್ಕೆ ರೈತರು ಸರತಿಯಂತೆ ಎತ್ತು ಹೂಡಿ ದಾಸೋಹಕ್ಕೆ ನೀರು ಹಾಕುವ ಸೇವೆಯನ್ನು ಮಾಡುತ್ತ ಬಂದಿರುವರು. ರೊಟ್ಟಿ, ಮಾದಲಿಗಳ ಕಾಣಿಕೆಯನ್ನು ಮೆರವಣಿಗೆಯಲ್ಲಿ ತರುವಂತೆ ನೀರಿನ ಬ್ಯಾರಲನ್ನು ಯಾರೂ ಬಾಜಾಭಜಂತ್ರಿಯೊಡನೆ ತರುವದಿಲ್ಲ. ಆದರೂ ಆ ಚಕ್ಕಡಿಯು ಬಾರದಿದ್ದ ದಿನ ದಾಸೋಹದ ಒಲೆಯು ಹೊತ್ತುವದಿಲ್ಲ. ದಾರಿಹೋಕರಿಗೆ ನೀರೆರೆಯುವ ಅರವಂಟಿಗೆಗಳಿಗೆ ದತ್ತಿ ಬಿಟ್ಟುದನ್ನು ಹಳೆಯ ಶಾಸನಗಳು ಹೇಳುವವು. ಅರವಂಟಿಗೆಯ ಹರವಿಯನ್ನು ನಿತ್ಯ ತುಂಬಿದವರ ಮಾತು ಅಲ್ಲಿಯೂ ಇಲ್ಲ.

ಸ್ವಾತಂತ್ರ್ಯದ ತರುವಾಯ ನೀರಿನ ಇತಿಹಾಸಕ್ಕೆ ಎರಡು ದೊಡ್ಡ ಅಧ್ಯಾಯಗಳು ಕೂಡಿದವು. ಒಂದು ರೋಗದ್ದು, ಇನ್ನೊಂದು ಕಾಲುವೆಯದು.

ಮೆಟ್ಟಿಲಿನ ಬಾವಿಗಳ ಮೂಲಕ ಹರಡುತ್ತಿದ್ದ ನಾರುಹುಣ್ಣು ಉತ್ತರ ಕರ್ನಾಟಕದ ಹಳ್ಳಿಗಳನ್ನು ಬಹುಕಾಲ ಕಾಡಿತು. ನೀರಿನಲ್ಲಿಯ ಕಣ್ಣಿಗೆ ಕಾಣದಷ್ಟು ಚಿಕ್ಕ ಕೀಟಗಳೊಡನೆ ಹುಳದ ಮರಿಯು ಹೊಟ್ಟೆಯನ್ನು ಸೇರುವದು. ಸುಮಾರು ಒಂದು ವರ್ಷದ ಮೇಲೆ ನೂಲಿನಂತಹ ಉದ್ದವಾದ ಹುಳವಾಗಿ ಬಹುಶಃ ಕಾಲಿನಿಂದಲೇ ಹೊರಬೀಳುವದು. ಹುಣ್ಣಿನ ಉರಿಗೆ ತಣ್ಣೀರನ್ನು ಬಯಸಿ ರೋಗಿಯು ಬಾವಿಯ ಮೆಟ್ಟಿಲಿಳಿದು ಕಾಲಿಟ್ಟರೆ ಸಾಕು, ಮರಿಗಳು ಮತ್ತೆ ನೀರಿಗೆ ಸೇರುವವು. ನಮ್ಮ ಪೂರ್ವಜರ ಉತ್ತಮವಾದ ಯುಕ್ತಿಯೇ ಈ ಹುಳಕ್ಕೆ ಸೇತುವೆಯಾಯಿತು. ೧೯೮೩ರಿಂದ ಭಾರತ ಸರಕಾರವು ಇದರ ನಿರ್ಮೂಲನಕ್ಕೆ ಕೈಹಾಕಿತು. ಮೆಟ್ಟಿಲುಗಳನ್ನು ಮುಚ್ಚಿ ಸೇದುವ ಬಾವಿಗಳಾಗಿ ಮಾಡುವದು, ಕೈಪಂಪುಗಳನ್ನು ಹಾಕುವದು, ನೀರಿಗೆ ಔಷಧ ಬೆರೆಸುವದು, ದಟ್ಟವಾದ ಬಟ್ಟೆಯಿಂದ ನೀರನ್ನು ಸೋಸಿ ಕುಡಿಯಲು ಮನೆಮನೆಗೆ ಹೇಳುವದು: ಇವೇ ಅದರ ಆಯುಧಗಳು. ೧೯೯೬ರಲ್ಲಿ ದೇಶದ ಕೊನೆಯ ರೋಗಿಯು ಕಂಡುಬಂದನು. ೨೦೦೦ದಲ್ಲಿ ಜಾಗತಿಕ ಆರೋಗ್ಯ ಸಂಸ್ಥೆಯು ಭಾರತವು ಈ ರೋಗದಿಂದ ಮುಕ್ತವಾಯಿತೆಂದು ಸಾರಿತು. ಲಿಂಗಕ್ಕೆ ಅರ್ಪಿಸುವ ಮೊದಲು ನೀರನ್ನು ಬಟ್ಟೆಯಿಂದ ಸೋಸಬೇಕೆಂಬ ನಿಯಮವು ಶಿವಾಚಾರದಲ್ಲಿ ಮೊದಲಿನಿಂದಲೂ ಉಂಟು. ಅದನ್ನು ಮಡಿಯ ಮಾತೆಂದು ನಕ್ಕವರೂ, ಮಡಿಯ ಮಾತೆಂದೇ ಅರ್ಥವಿಲ್ಲದೆ ನಡೆಸಿದವರೂ ಇದ್ದರು. ಕೊಡದ ಬಾಯಿಗೆ ಕಟ್ಟಿದ ಅದೇ ಬಟ್ಟೆಯು ವೈದ್ಯರ ಕೈಯಲ್ಲಿ ಒಂದು ರೋಗವನ್ನು ದೇಶದಿಂದ ಅಟ್ಟುವ ಸಾಧನಗಳಲ್ಲೊಂದಾಯಿತು.

ಕಾಲುವೆಯ ಕಥೆಯು ಎಲ್ಲರಿಗೂ ತಿಳಿದದ್ದು. ಆದುದರಿಂದ ಸಂಕ್ಷೇಪವಾಗಿ ಹೇಳಿದರೆ ಸಾಕು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ೧೯೭೦ರ ದಶಕದ ಆರಂಭದಲ್ಲಿ ಮುಗಿದು, ಸುಮಾರು ೩೭ ಟಿ.ಎಂ.ಸಿ. ನೀರು ಹಿಡಿಯುವ ರೇಣುಕಾಸಾಗರವು ಉಂಟಾಯಿತು. ನೀರು ಹೊಲಕ್ಕೆ ಸರಿಯಾಗಿ ಬರುವದಕ್ಕಿಂತ ಮೊದಲೇ ಅಭಿವೃದ್ಧಿ ಕರದ ಬೇಡಿಕೆಯು ಬಂದಿತು. ೧೯೮೦ನೆಯ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ರೈತರು ಎದ್ದರು, ಗೋಲೀಬಾರು ನಡೆಯಿತು, ರೈತರು ಮಡಿದರು. ಆ ದಿನವನ್ನು ಇಂದಿಗೂ ಹುತಾತ್ಮರ ದಿನವೆಂದು ಆಚರಿಸುವರು. ಮಲಪ್ರಭೆಯು ವರ್ಷವರ್ಷಕ್ಕೆ ಬಡವಾದಂತೆ ಮಹದಾಯಿಯ ಉಪನದಿಗಳಾದ ಕಳಸಾ, ಬಂಡೂರಿಗಳ ನೀರನ್ನು ತಿರುಗಿಸಬೇಕೆಂದು ೨೦೧೫ನೆಯ ಜುಲೈದಿಂದ ನರಗುಂದದಲ್ಲಿ ದೀರ್ಘವಾದ ಧರಣಿಯು ನಡೆಯಿತು. ೨೦೧೮ನೆಯ ಆಗಸ್ಟದಲ್ಲಿ ನ್ಯಾಯಮಂಡಳಿಯು ಇದಕ್ಕಾಗಿ ೩.೯ ಟಿ.ಎಂ.ಸಿ.ಯನ್ನು ಒಪ್ಪಿತು. ಟಿ.ಎಂ.ಸಿ.ಯೆಂಬ ಮಾಪದಲ್ಲಿ ವಾದ ನಡೆಯುತ್ತಿರುವಾಗಲೂ ಮನೆಯ ಹರವಿಯು ಕೊಡದ ಮಾಪದಿಂದಲೇ ತುಂಬಬೇಕಾಗಿತ್ತೆಂಬದನ್ನು ಮರೆಯಲಾಗದು.

ಕೊಳವೆಬಾವಿಗಳು ಬಂದ ಮೇಲೆ ಈ ಕಷ್ಟವು ತೀರಬಹುದೆಂದು ಎಣಿಸಿದ್ದರು. ಆಳಕ್ಕೆ ಹೋದಂತೆ ನೀರಿನಲ್ಲಿ ಫ್ಲೋರೈಡು ಹೆಚ್ಚಿತು. ಲೀಟರಿಗೆ ೧.೫ ಮಿಲಿಗ್ರಾಮಿಗೆ ಮೀರಿದರೆ ಅದು ಹಲ್ಲನ್ನು ಕಲೆಗೊಳಿಸುವದು, ಬಹುಕಾಲ ಕುಡಿದರೆ ಎಲುಬುಗಳನ್ನು ಬಿಗಿಸುವದು. ಬಟ್ಟೆಯಿಂದ ಸೋಸಿದರೆ ಇದು ಹೋಗುವಂಥದಲ್ಲ. ಆದುದರಿಂದ ಊರೂರಿಗೆ ಶುದ್ಧ ನೀರಿನ ಘಟಕಗಳು ಹುಟ್ಟಿದವು. ನಾಣ್ಯ ಹಾಕಿ ೨೦ ಲೀಟರಿನ ಕ್ಯಾನು ತುಂಬಿಕೊಳ್ಳುವ ಪದ್ಧತಿಯು ಬಂದಿತು. ಮನೆಯ ಹತ್ತಿರ ಬಳಸುವ ನೀರು ಬಂದರೂ, ಕುಡಿಯುವ ನೀರು ಮತ್ತೆ ದೂರ ಸರಿದು ಘಟಕದ ಬಾಗಿಲಿಗೆ ಹೋಗಿ ನಿಂತಿತು.

ಈ ಸ್ಥಿತಿಯಲ್ಲಿ ಹುಟ್ಟಿದುದೇ ನೀರಿನ ತಳ್ಳುಬಂಡಿ. ಇದನ್ನು ಕಂಡುಹಿಡಿದವರ ಹೆಸರು ಯಾರ ಬಾಯಲ್ಲಿಯೂ ಇಲ್ಲ. ಕಬ್ಬಿಣದ ಸರಳುಗಳನ್ನು ಬೆಸೆದು ಮಾಡಿದ ಚೌಕಟ್ಟು. ಅದರಲ್ಲಿ ಕೊಡಗಳು ಕುಳಿತುಕೊಳ್ಳಲು ದುಂಡಾದ ಬಳೆಗಳು, ನಾಲ್ಕೋ ಆರೋ ಎಂಟೋ. ಕೆಳಗೆ ಚಿಕ್ಕ ಗಾಲಿಗಳು, ಕೆಲವಕ್ಕೆ ಹಳೆಯ ಸೈಕಲ್ಲಿನ ಗಾಲಿಗಳು. ಹಿಂದೆ ಹಿಡಿದು ತಳ್ಳಲು ಒಂದು ಅಡ್ಡ ಹಿಡಿಕೆ. ಊರಿನ ಕಂಬಾರನೋ ವೆಲ್ಡಿಂಗ ಅಂಗಡಿಯವನೋ ಮನೆಯವರ ಬೇಡಿಕೆಯನ್ನು ಕೇಳಿ ಒಂದೆರಡು ದಿನಗಳಲ್ಲಿ ಮಾಡಿಕೊಡುವನು. ಓಣಿಯ ಅಗಲವನ್ನು ನೋಡಿ ಬಂಡಿಯ ಅಗಲ, ಬಾಗಿಲಿನ ಹೊಸ್ತಿಲನ್ನು ನೋಡಿ ಗಾಲಿಯ ಎತ್ತರ. ಬಳೆಯೊಳಗಿನ ಕೊಡವು ತಗ್ಗುದಿನ್ನೆಗಳಲ್ಲಿಯೂ ಉರುಳದು. ಸಿಂಬಿಯು ತಲೆಯ ಮೇಲೆ ಮಾಡುತ್ತಿದ್ದ ಕೆಲಸವನ್ನೇ ಕಬ್ಬಿಣದ ಬಳೆಯು ಬಂಡಿಯಲ್ಲಿ ಮಾಡುವದೆಂದು ಹೇಳಬಹುದು.

ಪ್ಲಾಸ್ಟಿಕ್ಕಿನ ಕೊಡವು ಇದಕ್ಕೆ ಮೊದಲೇ ದಾರಿಯನ್ನು ಸುಗಮ ಮಾಡಿತ್ತು. ಹಿತ್ತಾಳೆಯ ಕೊಡದ ತೂಕವೇ ಕೆಲವು ಕಿಲೋಗ್ರಾಂ. ಪ್ಲಾಸ್ಟಿಕ್ಕಿನದು ಒಂದಕ್ಕೂ ಕಡಿಮೆ. ಹಿರಿಯರು ಅದನ್ನು ಪೂಜೆಯ ನೀರಿಗೆ ಒಪ್ಪಲಿಲ್ಲ, ಸೊಸೆಯಂದಿರು ಕೊರಳಿನ ಮಾತನ್ನು ಕೇಳಿ ಒಪ್ಪಿದರು.

ಲೆಕ್ಕವನ್ನು ನೋಡಿದರೆ ಈ ಬಂಡಿಯ ಬೆಲೆಯು ತಿಳಿಯುವದು. ೨೦೧೯ನೆಯ ಆಗಸ್ಟ ೧೫ರಂದು ಸಾರಿದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ ೫೫ ಲೀಟರು ನೀರು ಬೇಕೆಂದು ಗೊತ್ತುಮಾಡಿದೆ. ಐದು ಜನರ ಮನೆಗೆ ೨೭೫ ಲೀಟರು, ಎಂ‌ದರೆ ೧೫ ಲೀಟರಿನ ಕೊಡದಿಂದ ಹದಿನೆಂಟು ಕೊಡ. ತಲೆಗೊಂದು ಬಗಲಿಗೊಂದು ಹೊತ್ತರೂ ಒಂಬತ್ತು ಸಲ ಹೋಗಿಬರಬೇಕು. ನೀರು ಅರ್ಧ ಮೈಲು ದೂರವಿದ್ದರೆ ಒಂಬತ್ತು ಮೈಲಿನ ನಡಿಗೆ. ಅದರಲ್ಲಿ ಅರ್ಧವು ಮೂವತ್ತು ಕಿಲೋಗ್ರಾಮಿನ ಭಾರದೊಡನೆ. ಆರು ಕೊಡದ ಬಂಡಿಯಿದ್ದರೆ ಮೂರು ಸಲ, ಮೂರು ಮೈಲು; ತಲೆಯ ಮೇಲೆ ಏನೂ ಇಲ್ಲ. ಉಳಿದ ಆರು ಮೈಲಿನ ಹೊತ್ತು ಯಾರದು? ಹೆಚ್ಚಾಗಿ ಅದು ಶಾಲೆಯನ್ನು ಬಿಟ್ಟು ತಾಯಿಯ ಸಂಗಡ ನೀರಿಗೆ ಹೋಗುತ್ತಿದ್ದ ಹುಡುಗಿಯದು.

ಜಗತ್ತಿನ ಬೇರೆ ಕಡೆಯಲ್ಲಿಯೂ ಈ ಯೋಚನೆಯು ಹುಟ್ಟಿರುವದು. ದಕ್ಷಿಣ ಆಫ್ರಿಕದಲ್ಲಿ ೧೯೯೧ರಲ್ಲಿ ಇಬ್ಬರು ಇಂಜಿನಿಯರರು ಹಿಪ್ಪೋ ರೋಲರೆಂಬ ಉರುಳೆಯನ್ನು ಮಾಡಿದರು. ೯೦ ಲೀಟರು ನೀರನ್ನು ಒಳಗೆ ತುಂಬಿ, ಪೀಪಾಯಿಯನ್ನೇ ಗಾಲಿಯಂತೆ ನೆಲದ ಮೇಲೆ ಉರುಳಿಸಿಕೊಂಡು ಹೋಗುವ ಸಾಧನವದು. ಅದೇ ದೇಶದ ಕ್ಯೂ ಡ್ರಮ್ಮೆಂಬದು ನಡುವೆ ತೂತಿರುವ ೫೦ ಲೀಟರಿನ ಉರುಳೆ. ತೂತಿನಲ್ಲಿ ಹಗ್ಗ ಪೋಣಿಸಿ ಮಗುವೂ ಎಳೆಯಬಹುದು. ಅವು ಲೋಕದ ಮೆಚ್ಚುಗೆಯನ್ನು ಪಡೆದುದು ಯೋಗ್ಯವೇ. ಆದರೆ ಆರು ಕೊಡದ ನಮ್ಮ ಬಂಡಿಯೂ ಒಮ್ಮೆಗೆ ಅದೇ ೯೦ ಲೀಟರನ್ನು ತರುವದು. ಅದು ಕೆಟ್ಟರೆ ರಿಪೇರಿಗೆ ಪರದೇಶದ ಕಡೆಗೆ ನೋಡಬೇಕಾಗಿಲ್ಲ. ತಂದ ನೀರನ್ನು ಬೇರೆ ಪಾತ್ರೆಗೆ ಸುರಿಯುವ ಕೆಲಸವೂ ಇಲ್ಲ, ಕೊಡವನ್ನೆತ್ತಿ ಒಳಗಿಟ್ಟರಾಯಿತು. ಒಂದು ಕೊಡವು ಒಡೆದರೆ ಉಳಿದ ಐದು ನಿಲ್ಲುವವು.

ಇದಕ್ಕಿಂತಲೂ ದೊಡ್ಡದೊಂದು ಬದಲಾವಣೆಯು ಸದ್ದಿಲ್ಲದೆ ನಡೆದಿದೆ. ಕೊಡವು ತಲೆಯ ಮೇಲಿದ್ದಷ್ಟು ಕಾಲ ನೀರು ತರುವದು ಹೆಂಗಸರ ಕೆಲಸವೆಂಬ ಕಟ್ಟಳೆಯು ಅಲುಗಲಿಲ್ಲ. ಅದಕ್ಕೆ ಗಾಲಿ ಬಂದೊಡನೆ ಮನೆಯ ಹುಡುಗರು ಸಂತೋಷದಿಂದ ತಳ್ಳಿದರು. ಸೈಕಲ್ಲಿನ ಎರಡೂ ಮಗ್ಗುಲಿಗೆ ಕೊಡವನ್ನು ತೂಗಿಸಿಕೊಂಡು ಗಂಡಸರು ಹೊರಟರು. ಈಗ ಮೋಟಾರ ಸೈಕಲ್ಲಿನ ಮೇಲೆ ಕ್ಯಾನುಗಳು ಬರುವವು. ಗಾಲಿಯನ್ನು ತಳ್ಳಿದರೆ ಮಾನಕ್ಕೆ ಕುಂದಿಲ್ಲವೆಂದು ಗಂಡಸರಿಗೆ ತೋರಿದುದು ಯಾಕೆಂಬದನ್ನು ಅವರವರೇ ವಿಚಾರಿಸಿಕೊಳ್ಳಲಿ. ಹೊನ್ನಯ್ಯನು ಅಗ್ಘವಣಿಯನ್ನು ಹೊರುವಾಗ ಇಂಥ ಸಂಕೋಚವನ್ನು ಪಟ್ಟಂತಿಲ್ಲ. ದಾಸೋಹವೆಂದರೆ ಅನ್ನವೆಂದಷ್ಟೇ ತಿಳಿದ ದಾನಿಗಳು, ಓಣಿಯ ಬಡವೆಯೊಬ್ಬಳಿಗೆ ಒಂದು ತಳ್ಳುಬಂಡಿಯನ್ನು ಮಾಡಿಸಿಕೊಡುವದೂ ಅದರೊಳಗೇ ಬರುವದೆಂದು ತಿಳಿದರೆ ಅನುಚಿತವಾಗದು. ಅದರ ಖರ್ಚು ಒಂದು ಹಿತ್ತಾಳೆಯ ಗಂಟೆಯ ಖರ್ಚಿಗಿಂತ ಹೆಚ್ಚಿನದಲ್ಲ.

ನಳಗಳು ಈಗ ಮನೆಮನೆಗೆ ಬರುತ್ತಿರುವವು. ಬೇಸಗೆಯಲ್ಲಿ ಮಾತ್ರ ನಳದ ನೀರು ದಿನ ಬಿಟ್ಟು ದಿನಕ್ಕೂ, ಕೆಲವು ಕಡೆಗೆ ಇನ್ನೂ ತಡವಾಗಿಯೂ ಬರುವದರಿಂದ ಬಂಡಿಯನ್ನು ಯಾರೂ ಮಾರಿಲ್ಲ. ಗಜೇಂದ್ರಗಡದ ಕಲ್ಲುನೆಲದಲ್ಲಿ ಅದು ವರ್ಷವಿಡೀ ಓಡುವದು. ರೋಣ, ನರಗುಂದಗಳ ಎರೆಯಲ್ಲಿ ಮಳೆ ಹಿಡಿದರೆ ಡಾಂಬರಿಲ್ಲದ ಓಣಿಯಲ್ಲಿ ಗಾಲಿಗೆ ರಾಡಿ ಮೆತ್ತಿ ಬಂಡಿಯು ಹೆಜ್ಜೆ ಮುಂದಕ್ಕಿಡದು. ಅಂಥ ದಿನ ಅದನ್ನು ಗೋಡೆಗೆ ಆನಿಸಿ ನಿಲ್ಲಿಸಿ, ಗೂಟಕ್ಕೆ ತೂಗಹಾಕಿದ ಸಿಂಬಿಯನ್ನು ಮತ್ತೆ ತೆಗೆಯುವರು.